ಮೂರನೇ ಮಹಡಿಯ ಮರಗೆಲಸ

ಅಪಾರ್ಟ್‌ಮೆಂಟಿನಲ್ಲಿ ಮರಗೆಲಸ ಮಾಡುತ್ತೇನೆ ಎಂದರೆ ಬಳ್ಳಾರಿಯಲ್ಲಿ ಎಲ್ಲರೂ ಮೊದಲು ಕೇಳುವುದು ಜಾಗದ ಬಗ್ಗೆ. "ಜಾಗ ಎಲ್ಲೈತ್ರಿ ಮೇಡಂ?" ನಮ್ಮದು ಎರಡು ಬೆಡ್‌ರೂಮಿನ ಮನೆ. ನಾಲ್ಕಡಿ ಅಗಲದ ಬಾಲ್ಕನಿ ಇದೆ, ಅದರಲ್ಲಿ ಅರ್ಧವನ್ನು ವಾಷಿಂಗ್ ಮಷೀನು ಮತ್ತು ನೀರಿನ ಡ್ರಮ್ಮು ಹಿಡಿದಿವೆ. ಡ್ರಮ್ಮು ಯಾಕೆ ಅಂತ ಈ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದ ಅರ್ಧದಲ್ಲಿ ಒಬ್ಬರು ಕಾಲು ಚಾಚಿ ಕೂರಬಹುದು. ನನಗೆ ಅಷ್ಟು ಸಾಕಾಗಿದೆ. ಜಾಗ ಸಣ್ಣ ತೊಂದರೆ. ದೊಡ್ಡವು ಎರಡಿವೆ: ಒಂದು ಸದ್ದು, ಇನ್ನೊಂದು ನಮ್ಮೂರ ಒಣಗಾಳಿ. ಯಾವ ಹತ್ಯಾರು ಕೊಳ್ಳಬೇಕು ಅನ್ನುವುದನ್ನು ಸದ್ದು ತೀರ್ಮಾನ ಮಾಡುತ್ತದೆ. ಸಾಮಾನನ್ನು ಹೇಗೆ ಜೋಡಿಸಬೇಕು ಅನ್ನುವುದನ್ನು ಗಾಳಿ. ಇವೆರಡನ್ನೂ ಮೊದಲೇ ಲೆಕ್ಕಕ್ಕೆ ಹಿಡಿದವರು ಈ ಹವ್ಯಾಸದಲ್ಲಿ ನಿಲ್ಲುತ್ತಾರೆ. ಹಿಡಿಯದವರ ಡ್ರಿಲ್ ಮಷೀನು ಆರು ತಿಂಗಳಲ್ಲಿ ಅಟ್ಟ ಸೇರುತ್ತದೆ.

ಜಾಗದ ಮಾತು ಮುಗಿಸಿಬಿಡೋಣ. ಯೂಟ್ಯೂಬ್ ನೋಡಿದವರ ತಲೆಯಲ್ಲಿ ಒಂದು ಚಿತ್ರ ಕೂತಿರುತ್ತದೆ: ಕಾರು ನಿಲ್ಲಿಸುವ ಶೆಡ್ಡು, ಅದರ ನಡುವೆ ಸೊಂಟದೆತ್ತರದ ಬೆಂಚು, ಗೋಡೆ ತುಂಬ ತುಂಡುಗಳನ್ನು ಬಿಗಿದು ಹಿಡಿಯುವ ಕ್ಲಾಂಪು. ಅದು ಅವರ ದೇಶದ ಪದ್ಧತಿ. ನಮ್ಮ ಬಡಿಗೇರರು ತಲೆಮಾರುಗಳಿಂದ ನೆಲದ ಮೇಲೆ ಕೂತೇ ಬಾಗಿಲು, ಮಂಚ, ತೊಟ್ಟಿಲು ಮಾಡಿದ್ದಾರೆ. ಕಟ್ಟಿಗೆಯನ್ನು ಪಾದದಿಂದ ಒತ್ತಿ ಹಿಡಿಯುತ್ತಾರೆ, ಎರಡು ಕೈ ಕೆಲಸಕ್ಕೆ ಬಿಡುವಾಗುತ್ತವೆ. ರೈಲಿನಲ್ಲಿ ಹೊಸಪೇಟೆ ದಾಟಿ ಕೊಪ್ಪಳದಲ್ಲಿ ಇಳಿದರೆ ಸ್ವಲ್ಪ ದೂರದಲ್ಲೇ ಕಿನ್ನಾಳ. ಅಲ್ಲಿ ಮರದ ಬೊಂಬೆ ಮಾಡುವ ಚಿತ್ರಗಾರರ ಮನೆಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಹಗುರವಾದ ಕಟ್ಟಿಗೆ, ತುಂಡುಗಳನ್ನು ಕೂಡಿಸಲು ಹುಣಸೆ ಬೀಜದ ಅಂಟು, ಅದರ ಮೇಲೆ ಒಂದರ ಮೇಲೊಂದು ಲೇಪ, ಕೊನೆಗೆ ಬಣ್ಣ. ಭೌಗೋಳಿಕ ಸೂಚಿ, ಅಂದರೆ ಜಿಐ ಟ್ಯಾಗ್, ಸಿಕ್ಕಿರುವ ಕಲೆ ಅದು. ಗರುಡ, ಗೌರಿ, ಹಣ್ಣು ತುಂಬಿದ ಬುಟ್ಟಿ ಎಲ್ಲವೂ ವಾಸದ ಮನೆಯೊಳಗೇ ತಯಾರಾಗುತ್ತವೆ. ಪಕ್ಕದಲ್ಲಿ ಮಕ್ಕಳು ಓದುತ್ತಿರುತ್ತಾರೆ, ಒಳಗೆ ಅನ್ನ ಬೇಯುತ್ತಿರುತ್ತದೆ. ಮನೆಯಲ್ಲಿ ಮರಗೆಲಸ ಆಗುವುದಿಲ್ಲ ಎಂದು ನಮಗೆ ಹೇಳಿಕೊಟ್ಟವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನನ್ನ ಬೆಂಚು ಅಂದರೆ ಒಂದು ಹಲಗೆ. ನಾಲ್ಕಡಿ ಉದ್ದ, ಒಂದಡಿ ಅಗಲ, ಎರಡಿಂಚು ದಪ್ಪ. ಒಂದು ತುದಿಗೆ ಅಡ್ಡಪಟ್ಟಿ ಬಡಿದಿದೆ, ಕೆಲಸದ ತುಂಡು ಅದಕ್ಕೆ ಆನಿಕೊಳ್ಳುತ್ತದೆ. ಇನ್ನೊಂದು ತುದಿಯ ಮೇಲೆ ನಾನೇ ಕೂರುತ್ತೇನೆ. ಮೈಭಾರವೇ ಹಲಗೆಯನ್ನು ಕದಲದಂತೆ ಹಿಡಿಯುತ್ತದೆ. ಹಲಗೆಯನ್ನು ಗೋಡೆಗೆ ಆನಿಸಿ ಮಾತ್ರ ಇಡಬೇಡಿ. ಆ ಗೋಡೆಯ ಆಚೆ ಇನ್ನೊಬ್ಬರ ಬೆಡ್‌ರೂಮ್ ಇದೆ. ಕೆಲಸ ಮುಗಿದ ಮೇಲೆ ಹಲಗೆ ಮಂಚದ ಕೆಳಗೆ ಹೋಗುತ್ತದೆ. ಮಂಡಿ ನೋವಿದ್ದವರು ಒಂದು ಗಿಡ್ಡ ಸ್ಟೂಲಿನ ಮೇಲೆ ಕೂತು, ಮುಂದೆ ಅದೇ ಎತ್ತರದ ಇನ್ನೊಂದು ಸ್ಟೂಲಿಗೆ ಹಲಗೆಯನ್ನು ಬಿಗಿಯಬಹುದು.

ಈಗ ಸದ್ದು. ಎರಡು ತರಹದ ಸದ್ದಿದೆ, ಎರಡನ್ನೂ ಬೇರೆ ಬೇರೆ ನೋಡಬೇಕು. ಒಂದು ಗಾಳಿಯಲ್ಲಿ ಬರುವುದು. ಗರಗಸದ ಕರಕರ, ಕಟ್ಟಿಗೆ ಹೆರೆದು ನಯ ಮಾಡುವ ರಂದಾದ ಸುಯ್ ಅನ್ನುವ ಸದ್ದು, ನಮ್ಮ ಮಾತು, ಟಿವಿ. ಬಾಗಿಲು ಕಿಟಕಿ ಹಾಕಿದರೆ ಅದರಲ್ಲಿ ಬಹುಪಾಲು ಮನೆಯೊಳಗೇ ಉಳಿಯುತ್ತದೆ. ಇನ್ನೊಂದು ಪೆಟ್ಟಿನ ಸದ್ದು. ಸುತ್ತಿಗೆಯ ಏಟು ನೆಲಕ್ಕೆ ಬಿತ್ತು ಅಂದರೆ ಅದು ಸ್ಲ್ಯಾಬಿಗೆ ಇಳಿದು, ಅಲ್ಲಿಂದ ಬೀಮು, ಕಂಬ ಹಿಡಿದು ಇಡೀ ಕಟ್ಟಡದಲ್ಲಿ ಓಡಾಡುತ್ತದೆ. ಕಾಂಕ್ರೀಟಿಗೆ ಅದನ್ನು ನುಂಗುವ ಗುಣ ಇಲ್ಲ. ಮೂರನೇ ಮಹಡಿಯಲ್ಲಿ ಉಳಿಗೆ ಪೆಟ್ಟು ಹಾಕಿದರೆ ನೆಲಮಹಡಿಯವರು ತಲೆ ಎತ್ತಿ ನೋಡುತ್ತಾರೆ, ನಡುವಿನವರು ಬಾಗಿಲು ತಟ್ಟುತ್ತಾರೆ. ಬಾಗಿಲು ಹಾಕಿಕೊಂಡರೂ ಇದಕ್ಕೆ ಏನೂ ಆಗುವುದಿಲ್ಲ.

ಹಾಗಂತ ನಮ್ಮ ಕಡೆಯ ಅಪಾರ್ಟ್‌ಮೆಂಟುಗಳೇನು ಮೌನವ್ರತ ಹಿಡಿದವಲ್ಲ. ಸಂಜೆ ಏಳರ ಹೊತ್ತಿಗೆ ಮೆಟ್ಟಿಲು ಹತ್ತುತ್ತ ಹೋಗಿ, ಪ್ರತಿ ಮಹಡಿಯಲ್ಲೂ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಅದೂ ಪೆಟ್ಟಿನ ಸದ್ದೇ, ಕೆಲವು ಮನೆಗಳಲ್ಲಿ ಅರ್ಧ ಗಂಟೆ ನಡೆಯುತ್ತದೆ. ಯಾರೂ ಯಾರ ಬಾಗಿಲೂ ತಟ್ಟುವುದಿಲ್ಲ. ಯಾಕೆಂದರೆ ಅದು ಏನು ಅಂತ ಗೊತ್ತು, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತಲೂ ಗೊತ್ತು. ಜನ ಸಿಟ್ಟಾಗುವುದು ಗೊತ್ತಿಲ್ಲದ, ಯಾವಾಗ ನಿಲ್ಲುತ್ತದೋ ತಿಳಿಯದ ಸದ್ದಿಗೆ. ಅದಕ್ಕೇ ಮೊದಲು ಮಾಡಬೇಕಾದ ಕೆಲಸ ಮೇಲೆ, ಕೆಳಗೆ, ಪಕ್ಕ ಮೂರು ಮನೆಗೂ ಹೋಗಿ ಹೀಗೀಗೆ ಅಂತ ಹೇಳಿ, ಹೊತ್ತನ್ನೂ ತಿಳಿಸಿ ಬರುವುದು.

ಹೊತ್ತಿನ ವಿಚಾರದಲ್ಲಿ ಕಾನೂನೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45 ಡೆಸಿಬೆಲ್ ಮಿತಿ. ರಾತ್ರಿ ಅಂದರೆ ಹತ್ತರಿಂದ ಬೆಳಗಿನ ಆರು. ಆದರೆ ಕಾನೂನಿಗಿಂತ ಊರಿನ ವಾಡಿಕೆ ಇಲ್ಲಿ ಹೆಚ್ಚು ಕಟ್ಟುನಿಟ್ಟು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಳ್ಳಾರಿ ಮಲಗಿರುತ್ತದೆ. ಆ ಹೊತ್ತಿನಲ್ಲಿ ಸದ್ದು ಮಾಡಿದವರನ್ನು ಯಾವ ನಿಯಮವೂ ಕಾಪಾಡುವುದಿಲ್ಲ. ಬೆಳಿಗ್ಗೆ ಹತ್ತರಿಂದ ಹನ್ನೆರಡು ಒಳ್ಳೆಯ ಸಮಯ. ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ಹೋಗಿರುತ್ತಾರೆ. ಕೆಲಸಕ್ಕೆ ಹೋಗುವವರು ನೀವೇ ಆದರೆ ಸಂಜೆಯ ರೊಟ್ಟಿ ಹೊತ್ತು ಇದ್ದೇ ಇದೆ.

ಹತ್ಯಾರಿನ ಆಯ್ಕೆ ಇಲ್ಲಿಂದ ತಾನಾಗೇ ಹೊರಡುತ್ತದೆ. ಕರೆಂಟಿನ ವೃತ್ತಾಕಾರದ ಗರಗಸ ಕಿವಿಯ ಹತ್ತಿರ ಸುಮಾರು 100 ಡೆಸಿಬೆಲ್ ಸದ್ದು ಮಾಡುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ 10 ಹೆಚ್ಚಿದಾಗ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಉದಾಹರಣೆಗೆ 70 ಮತ್ತು 100 ಡೆಸಿಬೆಲ್ ನಡುವಿನ ಅಂತರ ಸಾವಿರ ಪಟ್ಟು. ಅಂಥ ಮಷೀನು ಮೂರನೇ ಮಹಡಿಗೆ ಹೇಳಿದ್ದಲ್ಲ. ಕೈಗರಗಸ ಸಾಕು. ಎಳೆಯುವಾಗ ಕೊಯ್ಯುವ ಜಪಾನಿ ಮಾದರಿಯ ಗರಗಸ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಅಲಗು ತೆಳು, ಸದ್ದು ಕಡಿಮೆ, ನೆಲದ ಮೇಲೆ ಕೂತವರಿಗೆ ತಳ್ಳುವುದಕ್ಕಿಂತ ಎಳೆಯುವುದೇ ಸುಲಭ. ಒಂದು ಕಬ್ಬಿಣದ ರಂದಾ, ಅರ್ಧ ಇಂಚು ಮತ್ತು ಒಂದಿಂಚಿನ ಎರಡು ಉಳಿ, ಮೂಲೆ ನೇರ ಇದೆಯಾ ಅಂತ ನೋಡುವ ಒಂದು ಮೂಲೆಮಟ್ಟ, ನಾಲ್ಕು ಕ್ಲಾಂಪು, ಬ್ಯಾಟರಿ ಡ್ರಿಲ್ಲು. ಇಷ್ಟರಲ್ಲಿ ವರ್ಷಗಟ್ಟಲೆ ಕೆಲಸ ಮಾಡಬಹುದು.

ಪೆಟ್ಟಿನ ಕೆಲಸವನ್ನು ಪೂರ್ತಿ ಬಿಡಲಾಗುವುದಿಲ್ಲ, ಆದರೆ ಹತ್ತರಲ್ಲಿ ಎಂಟು ಭಾಗ ತಪ್ಪಿಸಬಹುದು. ಒಂದು ತುಂಡಿಗೆ ಚೌಕ ತೂತು ತೆಗೆದು ಇನ್ನೊಂದರ ತುದಿಯನ್ನು ಅದರೊಳಗೆ ಕೂಡಿಸುವ ಕೆಲಸವನ್ನೇ ನೋಡಿ. ಬಡಿಗೇರರು ಉಳಿ ಇಟ್ಟು ಕೊಡತಿಯಿಂದ ಬಡಿಬಡಿದು ತೂತು ತೆಗೆಯುತ್ತಾರೆ. ಅವರ ಅಂಗಡಿಗೆ ಅದು ಸರಿ. ನಾವು ಡ್ರಿಲ್ಲಿನಿಂದ ಸಾಲಾಗಿ ತೂತು ಹಾಕಿ, ನಡುವೆ ಉಳಿದ ಗೋಡೆಗಳನ್ನು ಉಳಿಯಿಂದ ಕೈಯಲ್ಲೇ ಒತ್ತಿ ತೆಗೆಯಬಹುದು. ಹೊತ್ತು ಎರಡರಷ್ಟು ಹಿಡಿಯುತ್ತದೆ. ಹವ್ಯಾಸಕ್ಕೆ ಹೊತ್ತಿನ ಅವಸರ ಏನಿದೆ? ಬಡಿಯಲೇಬೇಕಾದಾಗ ಒಂದು ಗೋಣಿಚೀಲದಲ್ಲಿ ಮರಳು ತುಂಬಿ ಬಾಯಿ ಹೊಲಿದು, ಅದರ ಮೇಲೆ ಕಟ್ಟಿಗೆ ಇಟ್ಟು ಬಡಿಯಿರಿ. ಚೀಲದ ಕೆಳಗೊಂದು ಹಳೆಯ ಯೋಗ ಮ್ಯಾಟು. ಪೆಟ್ಟು ಮರಳಿನಲ್ಲೇ ಇಂಗಿಹೋಗುತ್ತದೆ.

ಇಲ್ಲಿ ಒಂದು ಮಾತು ಜೋರಾಗಿ ಹೇಳಬೇಕು. ಆಂಗಲ್ ಗ್ರೈಂಡರಿಗೆ ಕಟ್ಟಿಗೆ ಕೊಯ್ಯುವ ಹಲ್ಲಿನ ಬ್ಲೇಡು ಹಾಕಿ ಕೆಲಸ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಕಟ್ಟಡದ ಕೆಲಸದ ಜಾಗಗಳಲ್ಲಿ ದಿನಾ ಕಾಣುತ್ತದೆ. ಗ್ರೈಂಡರು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ. ಹಲ್ಲು ಕಟ್ಟಿಗೆಯಲ್ಲಿ ಸಿಕ್ಕಿಕೊಂಡ ಕ್ಷಣ ಮಷೀನು ಹಿಡಿದವರ ಕಡೆಗೇ ಎಗರುತ್ತದೆ. ಅದಕ್ಕೆ ಸರಿಯಾದ ಕವಚ ಇಲ್ಲ, ಅದು ಆ ಕೆಲಸಕ್ಕೆ ಮಾಡಿದ್ದೂ ಅಲ್ಲ. ಹಣ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬೆರಳು ಹೋದರೆ ಮತ್ತೆ ಬರುವುದಿಲ್ಲ.

ದೂಳಿನ ಬಗ್ಗೆ ಹೆಚ್ಚು ಎಳೆಯುವುದಿಲ್ಲ, ಅದಿರಿನ ಲಾರಿ ನೋಡಿದ ಊರಿಗೆ ದೂಳಿನ ಪಾಠ ಬೇಡ. ಆದರೆ ಇಷ್ಟು ತಿಳಿದಿರಲಿ: ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ದೂಳನ್ನು 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ರಂದಾದಿಂದ ಬರುವ ಸುರುಳಿ ಸಿಪ್ಪೆ ನಿರುಪದ್ರವಿ. ಗರಗಸದ ಹೊಟ್ಟು ಪರವಾಗಿಲ್ಲ, ನೆಲಕ್ಕೆ ಬೀಳುತ್ತದೆ. ಕೆಟ್ಟದ್ದು ಉಪ್ಪು ಕಾಗದದಿಂದ ಉಜ್ಜಿದಾಗ ಬರುವ ಹಿಟ್ಟಿನಂಥ ದೂಳು. ಅದು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ರಂದಾ ಚೆನ್ನಾಗಿ ಹೊಡೆಯಲು ಬಂದರೆ ಉಪ್ಪು ಕಾಗದದ ಕೆಲಸ ಮುಕ್ಕಾಲು ಕಡಿಮೆಯಾಗುತ್ತದೆ. ಉಳಿದದ್ದಕ್ಕೆ ಎನ್-95 ಮಾಸ್ಕು. ಬೇವಿನ ಕಟ್ಟಿಗೆ ಉಜ್ಜುವಾಗಲಂತೂ ಮಾಸ್ಕು ಬಿಡಲೇಬೇಡಿ, ಮೂಗು ಗಂಟಲು ಉರಿಯುತ್ತವೆ. ಎಂಡಿಎಫ್ ಅನ್ನುವ ಒತ್ತು ಹಲಗೆಯನ್ನು ಮನೆಯೊಳಗೆ ಕೊಯ್ಯಲೇಬೇಡಿ. ಅದರ ದೂಳಿನ ಜೊತೆ ಅಂಟಿನ ರಾಳವೂ ಎದೆಗೆ ಹೋಗುತ್ತದೆ. ಹೊಟ್ಟನ್ನು ಬಚ್ಚಲಿಗೆ ಸುರಿಯಬೇಡಿ, ನೆನೆದು ಉಬ್ಬಿ ಪೈಪು ಕಟ್ಟುತ್ತದೆ. ಸಿಪ್ಪೆಯನ್ನು ನಮ್ಮ ಗೇಟಿನ ಪಕ್ಕದ ಇಸ್ತ್ರಿಯವರು ಚೀಲ ತಂದು ಒಯ್ಯುತ್ತಾರೆ, ಬೆಳಿಗ್ಗೆ ಇದ್ದಿಲು ಹೊತ್ತಿಸಲು ಅದಕ್ಕಿಂತ ಒಳ್ಳೆಯದು ಇಲ್ಲವಂತೆ.

ಇನ್ನು ಸಾಣೆ. ಈ ಹವ್ಯಾಸದ ತಿರುಳು ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಮೊಂಡು ಉಳಿಗೆ ಪೆಟ್ಟು ಬೇಕು, ಹರಿತ ಉಳಿಗೆ ಕೈಯ ಒತ್ತಡ ಸಾಕು. ಅಂದರೆ ನೆರೆಹೊರೆಯವರ ನೆಮ್ಮದಿ ನಿಮ್ಮ ಸಾಣೆಯಲ್ಲಿದೆ. ಅಂಗಡಿಯಿಂದ ತಂದ ಹೊಸ ಉಳಿ ಹರಿತವಾಗಿರುವುದಿಲ್ಲ, ಅದನ್ನು ನಾವೇ ಮಾಡಿಕೊಳ್ಳಬೇಕು. ದುಬಾರಿ ಕಲ್ಲು ಬೇಡ. ಅಡುಗೆಮನೆ ಕಟ್ಟೆಗೆ ಹಾಕುವ ಪಾಲಿಶ್ ಗ್ರಾನೈಟಿನ ತುಂಡುಗಳು ಕಲ್ಲಿನ ಅಂಗಡಿಯ ಹಿಂದೆ ರಾಶಿ ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಅದರಷ್ಟು ಸಮತಟ್ಟಾದ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಅದರ ಮೇಲೆ ನೀರು ಚಿಮುಕಿಸಿ, ನೀರಿಗೆ ತಡೆಯುವ ಕಪ್ಪು ಎಮರಿ ಕಾಗದ ಹಾಸಿದರೆ ಅಂಟಿಕೊಂಡು ನಿಲ್ಲುತ್ತದೆ. 400, 1000, 2000 ನಂಬರಿನ ಮೂರು ಕಾಗದ ಸಾಕು.

ಮೊದಲು ಉಳಿಯ ಹಿಂಬದಿ. ತುದಿಯ ಒಂದಿಂಚು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಬೇಕು. ಈ ಕೆಲಸ ಜನ್ಮಕ್ಕೊಮ್ಮೆ, ಆಮೇಲೆ ಬೇಕಿಲ್ಲ. ನಂತರ ಇಳಿಜಾರಿನ ಬದಿಯನ್ನು 25 ಡಿಗ್ರಿ ಕೋನದಲ್ಲಿ ಹಿಡಿದು 400ರ ಮೇಲೆ ಎಳೆಯಿರಿ. ಗಟ್ಟಿ ಕಟ್ಟಿಗೆ ಕೆಲಸಕ್ಕಾದರೆ 30 ಡಿಗ್ರಿ. ಎಳೆಯುತ್ತ ಹೋದಂತೆ ಹಿಂಬದಿಯಲ್ಲಿ ಬೆರಳು ಸವರಿ ನೋಡಿ: ಅಂಚಿನ ಉದ್ದಕ್ಕೂ ಕೂದಲಿಗಿಂತ ಸಣ್ಣ ಒಂದು ಗರಿ ಬೆರಳಿಗೆ ತಡೆಯುತ್ತದೆ. ಈ ಗರಿ ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ಎದ್ದಿದೆ ಅಂದರೆ ಅಂಚಿನವರೆಗೂ ಉಜ್ಜಿ ಆಗಿದೆ ಅಂತ ಅರ್ಥ. ನಡುವೆ ಎಲ್ಲೋ ಇಲ್ಲದಿದ್ದರೆ ಅಲ್ಲಿ ಇನ್ನೂ ಮೊಂಡು ಉಳಿದಿದೆ. ಅದು ಎದ್ದ ಮೇಲಷ್ಟೇ 1000ಕ್ಕೆ, ಆಮೇಲೆ 2000ಕ್ಕೆ ಹೋಗಬೇಕು. ಕೊನೆಗೆ ಗರಿಯನ್ನು ತೆಗೆಯಲು ಚರ್ಮದ ಪಟ್ಟಿಯ ಮೇಲೆ ಎಳೆಯುವುದು ರೂಢಿ. ನಾನು ಜೀನ್ಸ್ ಬಟ್ಟೆ ಬಳಸುತ್ತೇನೆ. ಜೀನ್ಸ್ ಹೊಲಿಯುವ ಊರಿದು, ಹೊಲಿಗೆ ಘಟಕಗಳ ಹೊರಗೆ ತುಂಡುಗಳಿಗೆ ಬರವಿಲ್ಲ. ಒಂದು ಪಟ್ಟಿಯನ್ನು ಹಲಗೆಗೆ ಅಂಟಿಸಿ, ಲೋಹ ಹೊಳಪಿಸುವ ಹಸಿರು ಮೇಣ ತಿಕ್ಕಿ, ಉಳಿಯನ್ನು ಹಿಮ್ಮುಖವಾಗಿ ಎಳೆದರೆ ಮುಗಿಯಿತು. ಹತ್ಯಾರು ಸುತ್ತಿಡುವ ಜೋಳಿಗೆಯೂ ಅದೇ ಬಟ್ಟೆಯದು.

ಕೌಲ್ ಬಜಾರ್ ಕಡೆಯ ಒಬ್ಬ ಹಿರಿಯ ಬಡಿಗೇರರ ಹತ್ತಿರ ನಾನು ಆಗಾಗ ಹೋಗಿ ಕೂರುತ್ತಿದ್ದೆ. ಹೆಂಗಸು, ಅದೂ ಕಾಲೇಜಿನಲ್ಲಿ ಪಾಠ ಮಾಡುವವಳು, ಬಂದು ರಂದಾ ಹಿಡಿಯುತ್ತಾಳೆ ಅಂತ ಮೊದಲು ಅವರಿಗೆ ನಗು. ಒಂದು ದಿನ ನಾನು ಹಲಗೆಯ ಮೇಲೆ ರಂದಾ ತಳ್ಳುತ್ತಿದ್ದಾಗ ಕಟ್ಟಿಗೆ ಕಿತ್ತು ಕಿತ್ತು ಬರುತ್ತಿತ್ತು. ಅವರು ಬೀಡಿ ಪಕ್ಕಕ್ಕಿಟ್ಟು ಹೇಳಿದರು: "ತಂಗೀ, ರಂದಾ ಆಮ್ಯಾಲ. ಮೊದ್ಲು ಹಲಿಗಿ ಮಗ್ಗಲಾ ನೋಡು. ಎಳಿ ಯಾ ಕಡೆ ಏರತೈತಿ, ಆ ಕಡೆ ತಳ್ಳಬೇಕು." ಹಲಗೆಯ ಮೇಲ್ಮೈ ನೋಡಿದರೆ ಇದು ತಿಳಿಯುವುದಿಲ್ಲ. ಪಕ್ಕದ ಅಂಚಿನಲ್ಲಿ ಗೆರೆಗಳು ಓರೆಯಾಗಿ ಮೇಲಕ್ಕೆ ಏರುವುದು ಕಾಣುತ್ತದೆ. ಏರುವ ದಿಕ್ಕಿಗೆ ತಳ್ಳಿದರೆ ಸಿಪ್ಪೆ ರಿಬ್ಬನ್ನಿನಂತೆ ಬರುತ್ತದೆ. ತುಂಡನ್ನು ತಿರುಗಿಸಿ ಇಟ್ಟೆ, ಅಷ್ಟೇ, ಕಿತ್ತು ಬರುವುದು ನಿಂತಿತು. ಬೇವಿನಂಥ ಮರದಲ್ಲಿ ಎಳೆ ಆ ಕಡೆಯೂ ಈ ಕಡೆಯೂ ಹೆಣೆದುಕೊಂಡಿರುತ್ತದೆ. ಅಲ್ಲಿ ಯಾವ ದಿಕ್ಕೂ ಪೂರ್ತಿ ಸರಿಯಲ್ಲ, ರಂದಾದ ಅಲಗನ್ನು ಆದಷ್ಟು ಒಳಗೆ ಎಳೆದು ತೀರಾ ತೆಳುವಾಗಿ ತೆಗೆಯಬೇಕು.

ಇನ್ನು ನಮ್ಮೂರ ಗಾಳಿಗೆ ಬರೋಣ. ಕಟ್ಟಿಗೆ ಸುತ್ತಲಿನ ಗಾಳಿಯ ತೇವ ನೋಡಿ ತಾನೂ ತೇವ ಹೀರುತ್ತದೆ ಅಥವಾ ಬಿಡುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 70ರ ಹತ್ತಿರ ಇದ್ದರೆ ಕಟ್ಟಿಗೆಯೊಳಗಿನ ನೀರು ಅದರ ಒಣತೂಕದ ಶೇಕಡಾ 13ರ ಸುಮಾರಿಗೆ ಬಂದು ನಿಲ್ಲುತ್ತದೆ. ಗಾಳಿ 30ಕ್ಕೆ ಇಳಿದರೆ ಕಟ್ಟಿಗೆ 6ಕ್ಕೆ ಇಳಿಯುತ್ತದೆ. ಮಳೆಗಾಲದಿಂದ ಬೇಸಿಗೆಗೆ ಬರುವಾಗ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಆಗುವುದು ಹೆಚ್ಚುಕಡಿಮೆ ಇದೇ. ಹೀಗೆ ಒಣಗಿದಾಗ ಕಟ್ಟಿಗೆ ಉದ್ದದಲ್ಲಿ ಕುಗ್ಗುವುದಿಲ್ಲ ಅಂದರೂ ನಡೆಯುತ್ತದೆ, ಅಗಲದಲ್ಲಿ ಕುಗ್ಗುತ್ತದೆ. ತೇಗ ಕಡಿಮೆ ಕುಗ್ಗುವ ಮರ ಅಂತ ಹೆಸರಾದದ್ದು. ಹಸಿಯಿಂದ ಪೂರ್ತಿ ಒಣಗುವವರೆಗೆ ಅದರ ಅಗಲ ಹೆಚ್ಚೆಂದರೆ ಶೇಕಡಾ 6ರಷ್ಟು ಕುಗ್ಗುತ್ತದೆ. ಲೆಕ್ಕ ಹಾಕಿದರೆ ಒಂದಡಿ ಅಗಲದ ತೇಗದ ಹಲಗೆ 13ರಿಂದ 6ಕ್ಕೆ ಬರುವಾಗ ಸುಮಾರು 4 ಮಿಲಿಮೀಟರ್ ಕಿರಿದಾಗುತ್ತದೆ. ಹಳೆ ಮನೆಗಳ ಬಾಗಿಲಿನ ಹಲಗೆಗಳನ್ನು ಚೌಕಟ್ಟಿನ ಗಾಡಿಯಲ್ಲಿ, ಅಂದರೆ ಉದ್ದಕ್ಕೆ ಕೊರೆದ ಕಾಲುವೆಯಂಥ ಸಂದಿನಲ್ಲಿ, ಸಡಿಲವಾಗಿ ಕೂರಿಸಿರುತ್ತಾರೆ, ಅಂಟು ಹಾಕಿರುವುದಿಲ್ಲ. ಹಲಗೆ ಹಿಗ್ಗಲಿ ಕುಗ್ಗಲಿ ಅಂತ.

ಇದಕ್ಕೊಂದು ತಮಾಷೆ ಇದೆ. ನಮ್ಮ ಕೆಳಮನೆಯವರು ಹೋದ ಬೇಸಿಗೆಯಲ್ಲಿ ಮೇಲೆ ಬಂದು, "ದೇವರ ಕಪಾಟಿನ ಬಾಗಲಾ ಮುಚ್ಚವಲ್ದು, ಮಳಿಗಾಲದಾಗ ಛಲೋ ಇತ್ತಲ್ಲ?" ಅಂದರು. ಬೇಸಿಗೆಯಲ್ಲಿ ಒಣಗಿ ಸಡಿಲ ಆಗಬೇಕಿದ್ದ ಬಾಗಿಲು ಬಿಗಿಯಾಗಿದೆ. ಹೋಗಿ ನೋಡಿದರೆ ಕಪಾಟಿನ ಎದುರಿಗೇ ಕೂಲರ್. ಹೊರಗೆ ಗಾಳಿ ಒಲೆಯಂತೆ ಒಣಗಿದ್ದರೂ ಕೂಲರ್ ದಿನವಿಡೀ ನೀರಿನ ಆವಿಯನ್ನು ಆ ಬಾಗಿಲಿನ ಮೇಲೇ ಊದುತ್ತಿತ್ತು. ಆ ಮೂಲೆಯಲ್ಲಿ ಮೇ ತಿಂಗಳಲ್ಲೂ ಮಳೆಗಾಲ! ಬಾಗಿಲು ಹೆರೆಯಬೇಡಿ, ಕೂಲರನ್ನು ತಿರುಗಿಸಿ ಇಡಿ ಅಂತ ಹೇಳಿ ಬಂದೆ. ಕೆಲವು ದಿನಕ್ಕೆ ಬಾಗಿಲು ತಾನೇ ಸರಿಹೋಯಿತು. ಹೆರೆದಿದ್ದರೆ ಡಿಸೆಂಬರಿನಲ್ಲಿ ಬೆರಳು ತೂರುವಷ್ಟು ಸಂದು ಬೀಳುತ್ತಿತ್ತು.

ಆದ್ದರಿಂದ ಮೊದಲ ಕೆಲಸಕ್ಕೆ ಮಣೆಯೇ ಒಳ್ಳೆಯದು ಅಂತ ನಾನು ಎಲ್ಲರಿಗೂ ಹೇಳುವುದು. ಊಟಕ್ಕೆ, ಪೂಜೆಗೆ ಕೂರುವ ಸಾದಾ ಮಣೆ. ಒಂದು ಹಲಗೆ, ಕೆಳಗೆ ಎರಡು ಅಡ್ಡಪಟ್ಟಿ. ನೋಡಲು ಇಷ್ಟೇ, ಆದರೆ ಅಗಲದ ಪಾಠ ಪೂರ್ತಿ ಅದರೊಳಗಿದೆ. ಹಲಗೆಯ ಎಳೆ ಉದ್ದಕ್ಕೆ ಓಡುತ್ತದೆ, ಪಟ್ಟಿಯ ಎಳೆ ಅದಕ್ಕೆ ಅಡ್ಡ. ಹಲಗೆ ಅಗಲದಲ್ಲಿ ಕುಗ್ಗಲು ನೋಡುತ್ತದೆ, ಪಟ್ಟಿ ಕುಗ್ಗುವುದಿಲ್ಲ. ಪಟ್ಟಿಗೆ ಅಂಟು ಹಚ್ಚಿ ನಾಲ್ಕು ಕಡೆ ಬಿಗಿದುಬಿಟ್ಟರೆ ಏಪ್ರಿಲ್ ಬರುವಷ್ಟರಲ್ಲಿ ಹಲಗೆ ನಡುವೆ ಸೀಳುತ್ತದೆ. ದಾರಿ ಏನೆಂದರೆ ಅಂಟು ಹಚ್ಚಬಾರದು. ಪಟ್ಟಿಯ ನಡುವಿನ ಸ್ಕ್ರೂ ಬಿಗಿಯಾಗಿರಲಿ, ಎರಡು ತುದಿಯ ಸ್ಕ್ರೂಗಳಿಗೆ ಪಟ್ಟಿಯಲ್ಲಿ ದುಂಡು ತೂತಿನ ಬದಲು ಉದ್ದನೆಯ ತೂತು ಮಾಡಿ. ಹಲಗೆ ಸರಿದಾಗ ಸ್ಕ್ರೂವೂ ಅದರ ಜೊತೆ ಸರಿಯುತ್ತದೆ. ನಿಮ್ಮ ಅಜ್ಜಿ ಮನೆಯ ಹಳೆ ಮಣೆ ಇದ್ದರೆ ತಿರುವಿ ನೋಡಿ. ಎಷ್ಟೋ ಮಣೆಗಳಲ್ಲಿ ಮೊಳೆ, ಸ್ಕ್ರೂ ಏನೂ ಇರುವುದಿಲ್ಲ. ಹಲಗೆಯ ಕೆಳಗೆ ಬುಡ ಅಗಲ, ಬಾಯಿ ಕಿರಿದಾದ ಗಾಡಿ ತೆಗೆದು, ಅದೇ ಆಕಾರದ ಪಟ್ಟಿಯನ್ನು ಪಕ್ಕದಿಂದ ತೂರಿಸಿರುತ್ತಾರೆ. ಪಟ್ಟಿ ಕೆಳಗೆ ಬೀಳುವುದಿಲ್ಲ, ಹಲಗೆಯನ್ನು ಡೊಂಕಾಗಲೂ ಬಿಡುವುದಿಲ್ಲ, ಆದರೆ ಹಲಗೆ ಅದರ ಮೇಲೆ ಸಲೀಸಾಗಿ ಸರಿದಾಡುತ್ತದೆ. ಸ್ಕ್ರೂವಿನ ಮಣೆ ಎರಡು ಭಾನುವಾರದ ಕೆಲಸ. ಆ ಗಾಡಿ ತೆಗೆಯುವ ಕೈ ಬರಲು ವರ್ಷ ಬೇಕು.

ಯಾವ ಕಟ್ಟಿಗೆ ಅಂತ ಈಗ ಕೇಳುತ್ತೀರಿ. ತೇಗ ಒಳ್ಳೆಯದೇ, ದುಬಾರಿ. ಟಿಂಬರ್ ಡಿಪೋಗಳಲ್ಲಿ ಚೌಕಟ್ಟು ಕೊಯ್ದು ಉಳಿದ ಚಿಕ್ಕ ತುಂಡುಗಳನ್ನು ತೂಕಕ್ಕೆ ಕೊಡುತ್ತಾರೆ, ನಮಗೆ ಬೇಕಾದ್ದೂ ಅಂಥದ್ದೇ. ಹಳೆ ಮನೆ ಕೆಡವಿದ ಜಾಗದ ತೊಲೆ, ಕಿಟಕಿ ಇನ್ನೂ ಒಳ್ಳೆಯದು, ದಶಕಗಟ್ಟಲೆ ಈ ಗಾಳಿಯಲ್ಲೇ ಒಣಗಿರುತ್ತದೆ. ಮೊಳೆ ಇದೆಯಾ ಅಂತ ಅಯಸ್ಕಾಂತ ಆಡಿಸಿ ನೋಡಿಯೇ ರಂದಾ ಹಚ್ಚಿ.

ಇನ್ನೊಂದು ಮರ ಇದೆ, ಇದನ್ನು ಹೇಳಿದರೆ ಜನ ನಗುತ್ತಾರೆ. ನಮ್ಮೂರಿನ ಹೆಸರು ಹೊತ್ತ ಬಳ್ಳಾರಿ ಜಾಲಿ. ಅಮೆರಿಕಾ ಖಂಡದ ಗಿಡ, 19ನೇ ಶತಮಾನದಲ್ಲಿ ಇಂಡಿಯಾಕ್ಕೆ ಬಂದದ್ದು. ಕೆರೆ ಅಂಗಳ, ರೈಲು ಹಳಿ, ಬೀಳು ಹೊಲ ಎಲ್ಲ ನುಂಗಿದೆ. ರೈತರ ಶಾಪ ಅದಕ್ಕೆ ತಪ್ಪಿದ್ದಲ್ಲ. ನಾವು ಅದನ್ನು ಸೌದೆಗೆ, ಇದ್ದಿಲಿಗೆ ಬಿಟ್ಟು ಬೇರೆ ಯಾವುದಕ್ಕೂ ಲೆಕ್ಕಕ್ಕೆ ಹಿಡಿದಿಲ್ಲ. ಆದರೆ ಇದರದೇ ಕುಲದ ಮೆಸ್ಕೀಟ್ ಮರದಿಂದ ಅಮೆರಿಕದ ಟೆಕ್ಸಾಸಿನಲ್ಲಿ ಬೆಲೆಬಾಳುವ ಪೀಠೋಪಕರಣ ಮಾಡುತ್ತಾರೆ. ಕೆಂಗಂದು ಬಣ್ಣದ ತಿರುಳು, ಕಲ್ಲಿನಂಥ ಗಟ್ಟಿ, ಒಣಗುವಾಗ ಕುಗ್ಗುವುದು ತೀರಾ ಕಡಿಮೆ. ಈ ಗಾಳಿಗೆ ಇದಕ್ಕಿಂತ ಹೊಂದುವ ಕಟ್ಟಿಗೆ ಹುಡುಕುವುದು ಕಷ್ಟ. ತೊಂದರೆ ಏನೆಂದರೆ ಉದ್ದನೆಯ ನೇರ ತುಂಡು ಸಿಗುವುದೇ ಇಲ್ಲ, ಎಲ್ಲ ಸೊಟ್ಟ. ಅಪಾರ್ಟ್‌ಮೆಂಟಿನವರಿಗೆ ಉದ್ದ ಯಾಕೆ? ಸೌಟು, ಉಳಿಯ ಹಿಡಿ, ಕಪಾಟಿನ ಗುಬಟು, ಕೊಡತಿ, ಲಟ್ಟಣಿಗೆ, ಇವಕ್ಕೆ ಒಂದಡಿ ತುಂಡು ಧಾರಾಳ.

ಸೌದೆ ಅಡ್ಡೆಯಲ್ಲಿ ಮಣಿಕಟ್ಟಿಗಿಂತ ದಪ್ಪನೆಯ, ಬಿರುಕಿಲ್ಲದ ತುಂಡು ಆರಿಸಿ. ಮುಳ್ಳಿನ ಬಗ್ಗೆ ಎಚ್ಚರ, ಚುಚ್ಚಿದರೆ ದಿನಗಟ್ಟಲೆ ಬಾವು ಇಳಿಯುವುದಿಲ್ಲ. ತಂದ ದಿನವೇ ಎರಡೂ ಕೊಯ್ದ ತುದಿಗಳಿಗೆ ಫೆವಿಕಾಲ್ ಅಥವಾ ಕರಗಿಸಿದ ಮೇಣ ದಪ್ಪಗೆ ಬಳಿಯಬೇಕು. ಕಟ್ಟಿಗೆಯ ನೀರು ಪಕ್ಕದಿಂದ ಹೋಗುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ತುದಿಯಿಂದ ಹೋಗುತ್ತದೆ. ಬಳಿಯದೆ ಬಾಲ್ಕನಿಯಲ್ಲಿ ಇಟ್ಟರೆ ಮೇ ತಿಂಗಳಲ್ಲಿ ವಾರದೊಳಗೆ ತುದಿ ನಕ್ಷತ್ರದ ಆಕಾರದಲ್ಲಿ ಸೀಳುತ್ತದೆ. ಆಮೇಲೆ ಪೇಪರಿನಲ್ಲಿ ಸುತ್ತಿ ಮಂಚದ ಕೆಳಗೆ. ಹೊರಗಿನ ಹಳದಿ ಭಾಗಕ್ಕೆ ಹುಳ ಹತ್ತುತ್ತದೆ, ಅದನ್ನು ಕೆತ್ತಿ ತೆಗೆದು ಕೆಂಪು ತಿರುಳನ್ನಷ್ಟೇ ಬಳಸಿ.

ಪ್ಲೈವುಡ್ಡನ್ನು ಕೀಳಾಗಿ ನೋಡುವ ಹವ್ಯಾಸಿಗಳಿದ್ದಾರೆ, ನಾನು ಆ ಗುಂಪಿನವಳಲ್ಲ. ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಅದು ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ, ಪುಸ್ತಕದ ಕಪಾಟಿಗೆ ಅದೇ ಸರಿ. ಮನೆಯೊಳಗಿನ ಸಾಮಾನಿಗೆ ಭಾರತೀಯ ಮಾನಕದ ಐಎಸ್ 303 ಮುದ್ರೆಯದು ಸಾಕು, ಸಿಂಕಿನ ಕೆಳಗೆ ನೀರು ತಡೆಯುವ ಐಎಸ್ 710. ಎಂಟಡಿಗೆ ನಾಲ್ಕಡಿಯ 18 ಮಿಲಿಮೀಟರ್ ಹಾಳೆ 30 ಕಿಲೋಕ್ಕೂ ಹೆಚ್ಚು ತೂಗುತ್ತದೆ, ಲಿಫ್ಟಿನಲ್ಲಿ ಹಿಡಿಸುವುದೂ ಇಲ್ಲ. ಅಳತೆ ಬರೆದುಕೊಂಡು ಹೋಗಿ ಅಂಗಡಿಯಲ್ಲೇ ಕೊಯ್ಯಿಸಿ ತನ್ನಿ. ಸದ್ದು, ದೂಳು ಎರಡೂ ಅಲ್ಲೇ ಉಳಿಯುತ್ತವೆ.

ಅಂಟು, ಪಾಲಿಶ್ ಎರಡಕ್ಕೂ ಇಲ್ಲಿ ಬೆಳಗಿನ ಹೊತ್ತೇ ಬೇಕು. 40 ಡಿಗ್ರಿ ಬಿಸಿಲಿನ ಮಧ್ಯಾಹ್ನ ಬಿಳಿ ಅಂಟು ಹಚ್ಚಿ ಕ್ಲಾಂಪು ಹುಡುಕುವಷ್ಟರಲ್ಲಿ ಅದರ ಮೇಲೆ ಕೆನೆ ಕಟ್ಟಿರುತ್ತದೆ, ಆಮೇಲೆ ಹಿಡಿಯುವುದಿಲ್ಲ. ಅಂಟು ಹಚ್ಚುವ ಮೊದಲೇ ಒಮ್ಮೆ ಒಣದಾಗಿ ಕೂಡಿಸಿ, ಕ್ಲಾಂಪು ಅಳತೆಗೆ ತೆರೆದು ಇಟ್ಟುಕೊಳ್ಳಿ. ಪಾಲಿಶಿಗೆ ನನಗೆ ಇಷ್ಟ ಅರಗು. ಸ್ಪಿರಿಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳುವಾಗಿ ಹತ್ತಾರು ಸಲ ಬಳಿಯುವ ಹಳೆಯ ಪದ್ಧತಿ. ಕರಾವಳಿ ಮಳೆಯಲ್ಲಿ ಅದು ಬೆಳ್ಳಗೆ ಮಂಜು ಹಿಡಿಯುತ್ತದೆ, ನಮ್ಮಲ್ಲಿ ಆ ಕಾಟ ಅಪರೂಪ. ವಾಸನೆಯೂ ಅರ್ಧ ಗಂಟೆಗೆ ಹೋಗುತ್ತದೆ. ಸ್ಪಿರಿಟ್ ಬಳಸುವಾಗ ಗ್ಯಾಸ್ ಒಲೆ, ದೇವರ ದೀಪ ಎರಡೂ ಆರಿರಬೇಕು.

ಸೌಟಿಗೆ, ಲಟ್ಟಣಿಗೆಗೆ ಅಗಸೆ ಎಣ್ಣೆ. ಅದರ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಮನೆಯವರಿಗೂ ಹೇಳಿಡಿ. ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಿಸಿ ಹುಟ್ಟಿಸುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗಲಾರದೆ ಏರುತ್ತ ಏರುತ್ತ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಬೆಂಕಿಕಡ್ಡಿ ಬೇಕಿಲ್ಲ. ನಮ್ಮ ಬೇಸಿಗೆಯಲ್ಲಂತೂ ಅಪಾಯ ಇನ್ನೂ ಹೆಚ್ಚು. ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಬಾಲ್ಕನಿಯ ಕಬ್ಬಿಣದ ಸರಳಿನ ಮೇಲೆ ಒಂಟಿ ಪದರವಾಗಿ ಹರವಿ. ಗಟ್ಟಿಯಾಗಿ ಒಣಗಿದ ಮೇಲೆ ಕಸಕ್ಕೆ ಹಾಕಿ.

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ, ತಂದ ಕಟ್ಟಿಗೆ ಒಣಗಿದೆ ಅಂತ ತೇವ ಅಳೆಯುವ ಮೀಟರ್ ಇಲ್ಲದೆ ಗೊತ್ತಾಗುವುದು ಹೇಗೆ ಅಂತ. ಅಡುಗೆಮನೆಯ ತಕ್ಕಡಿ ಸಾಕು. ತಂದ ದಿನ ತುಂಡನ್ನು ತೂಗಿ, ಅದರ ಮೇಲೇ ಪೆನ್ಸಿಲಿನಲ್ಲಿ ತಾರೀಖು ಮತ್ತು ಗ್ರಾಮು ಬರೆಯಿರಿ. ವಾರಕ್ಕೊಮ್ಮೆ ತೂಗಿ ಕೆಳಗೆ ಕೆಳಗೆ ಬರೆಯುತ್ತ ಹೋಗಿ. ಮೊದಲು ಬೇಗ ಇಳಿಯುತ್ತದೆ, ಆಮೇಲೆ ನಿಧಾನ. ಎರಡು ಮೂರು ವಾರ ಒಂದೇ ತೂಕ ಬಂತು ಅಂದರೆ ಅದು ನಿಮ್ಮ ಮನೆಯ ಗಾಳಿಗೆ ಹೊಂದಿಕೊಂಡಿದೆ, ಗರಗಸ ಹಚ್ಚಬಹುದು. ಆದರೆ ತೂಗುವ ತುಂಡನ್ನು ಕೂಲರಿನ ಎದುರಿಗೆ ಇಡಬೇಡಿ.